ಉಪವಾಸದ ಅರಮನೆಯ ಪದ್ಮಕ್ಕ

ಪದ್ಮಕ್ಕನಿಗೆ ಹಸಿವೆ ತಡೆಯಲಾಗುತ್ತಿರಲಿಲ್ಲ. ಮಾತಿನ ನಡುವೆಯೂ ಸೆರಗಿನ ಗಂಟು ಬಿಚ್ಚಿ ಹಲಸಿನ ಹಪ್ಪಳದ ಚೂರೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಂಥವರು ಮೂಡುಬಿದಿರೆ ಕಡೆಯ ಹಳೆಯ ಜೈನ ಅರಮನೆಯೊಂದರಲ್ಲಿ ಉಪವಾಸದ ಕೋಣೆ ನೋಡಿಕೊಳ್ಳುತ್ತಿದ್ದರು ಎಂಬುದೇ ನನಗೆ ಸೋಜಿಗ.

ಪಟ್ಟವೇರುವ ಮುನ್ನ ಅರಸನಾಗುವವನು ಆ ಕೋಣೆಯಲ್ಲಿ ಒಬ್ಬನೇ ಅನ್ನ ಬಿಟ್ಟು ಕೂರುತ್ತಿದ್ದನಂತೆ. ಈಗ ಕಾಣುವುದು ಇಷ್ಟೆ: ತಣ್ಣನೆಯ ನೆಲ, ಎತ್ತರದಲ್ಲೊಂದು ಕಿಂಡಿ, ಒಂದು ಮರದ ಮಣೆ. ನಾನಾಗ ಹತ್ತಿರದ ಮಿಜಾರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ, "ಅರಸರು ಇಲ್ಲಿ ಕೂತು ಏನು ಯೋಚಿಸ್ತಿದ್ದರು ಪದ್ಮಕ್ಕ?" ಎಂದು ಕೇಳುತ್ತಿದ್ದೆ.

"ನನಗೆ ಹೇಗೆ ಗೊತ್ತಾಗುವುದು ಮಾರಾಯ್ತಿ? ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಒಂದು ಉಪವಾಸವನ್ನೂ ಪೂರ್ತಿ ಮಾಡಲಿಲ್ಲ. ಮಧ್ಯಾಹ್ನ ಆಗುವಾಗ ಕಣ್ಣು ಕತ್ತಲೆ ಬರ್ತದೆ."

ಅವರ ಮೈದುನನ ಮಗ ಧರಣೇಂದ್ರ ಅರಮನೆಯನ್ನು ಹೋಂಸ್ಟೇ ಮಾಡಲು ಹೊರಟ. ತಂಪಾಗಿದೆಯೆಂದು ಉಪವಾಸದ ಕೋಣೆಯನ್ನೇ ಊಟದ ಕೋಣೆ ಮಾಡುವುದೆಂದಾಯಿತು. ಮೇಜುಗಳು ಬಂದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಪದ್ಮಕ್ಕ ಏನೂ ತಿನ್ನದೆ ಒಳಗೆ ಹೋಗಿ ನೆಲದ ಮೇಲೆ ಕುಳಿತುಬಿಟ್ಟರು.

"ಊಟ ಎಲ್ಲಿಯೂ ಮಾಡಬಹುದು ಧರಣ. ಊಟ ಬಿಟ್ಟು ಕೂತುಕೊಳ್ಳಲಿಕ್ಕೆ ಅಂತ ಇರುವುದು ಇದೊಂದೇ ಜಾಗ."

"ಮಧ್ಯಾಹ್ನದವರೆಗೆ ನೋಡುವ," ಎಂದು ಅವನು ನನ್ನತ್ತ ನೋಡಿ ನಕ್ಕ.

ಮಧ್ಯಾಹ್ನ ದಾಟಿತು. ಪದ್ಮಕ್ಕನ ಮುಖ ಬೆವರಿತ್ತು. ಸೆರಗಿನ ಗಂಟು ಬಿಚ್ಚಿ ಹಪ್ಪಳವನ್ನು ನನ್ನ ಕೈಗಿಟ್ಟರು. "ಆಚೆ ಇಡು. ಪರಿಮಳ ಬರ್ತದೆ."

ಸಂಜೆ ಧರಣೇಂದ್ರನೇ ಬಂದು ಅವರ ಮುಂದೆ ಕುಕ್ಕರುಗಾಲಲ್ಲಿ ಕುಳಿತ. "ಏಳಿ ದೊಡ್ಡಮ್ಮ. ಮೇಜು ಜಗಲಿಯಲ್ಲಿ ಹಾಕಿಸ್ತೇನೆ. ಗಂಜಿ ಕುಡಿಯಿರಿ."

ಪದ್ಮಕ್ಕ ಕಿಂಡಿಯತ್ತ ನೋಡಿದರು. ಬೆಳಕು ಆರಿತ್ತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

"ಸ್ವಲ್ಪ ಬೇಗ ಬರಬಾರದಿತ್ತಾ ನೀನು? ಇನ್ನು ನಾಳೆಯೇ," ಎಂದರು. ಅವನ ಕಣ್ಣು ತುಂಬಿಬಂತು.

ಮರುದಿನ ಗಂಜಿಯ ಎರಡನೆಯ ಬಟ್ಟಲಿಗೆ ಬಂದಾಗ ನಾನು ತಡೆಯಲಾರದೆ, "ಏನು ಯೋಚಿಸಿದಿರಿ?" ಎಂದೆ.

"ಮಧ್ಯಾಹ್ನದವರೆಗೆ ಬರೀ ಕಡುಬಿನದ್ದೇ ಯೋಚನೆ. ಮತ್ತೆ ಹೆದರಿಕೆ ಆಯ್ತು, ಇವನು ಬಾರದಿದ್ದರೆ ಅಂತ. ಅರಸರಿಗೂ ಹೆದರಿಕೆಯೇ ಇದ್ದದ್ದು ಅಂತ ಕಾಣ್ತದೆ. ಒಳಗೆ ಹೆದರಿ ಮುಗಿಸಿ ಹೊರಗೆ ಬರ್ತಿದ್ದರು."

ಕಳೆದ ವರ್ಷ ಪದ್ಮಕ್ಕ ತೀರಿಕೊಂಡರು. ಸುದ್ದಿ ತಿಳಿದದ್ದು ತಡವಾಗಿ. ಹೋದಾಗ ಜಗಲಿಯಲ್ಲಿ ಅತಿಥಿಗಳು ಊಟಕ್ಕೆ ಕುಳಿತಿದ್ದರು. ನಾನು ಕೋಣೆಯೊಳಗೆ ಹೋಗಿ ನೆಲದ ಮೇಲೆ ಕುಳಿತೆ. ಧರಣೇಂದ್ರ ಬಾಗಿಲಿಗೆ ಬಂದು, "ಟೀಚರೇ, ಊಟಕ್ಕೆ ಏಳಿ," ಎಂದ.

"ನೀವು ಮಾಡಿ. ನಾನು ಆಮೇಲೆ ಬರ್ತೇನೆ."

ಅವನು ಹೋಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಎದುರಿನ ಗೋಡೆಗೆ ಒರಗಿ ಕುಳಿತ.