ತಿಂಗಳಾಗಿ ಹೋದ ತಾರೀಕು

ಕೋವಿಡ್ ಕಳೆದ ಎರಡನೇ ವರ್ಷ, ಜೂನ್ ಕೊನೆಯಲ್ಲಿ, ಬಂಟ್ವಾಳದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಗೆ ನಾನು ಡೇಟಾ ಅಧಿಕಾರಿಯಾಗಿ ಸೇರಿದೆ. ಬೆಳ್ತಂಗಡಿ ಮತ್ತು ಮೂಡುಬಿದಿರೆಯಲ್ಲಿ ಆಸ್ಪತ್ರೆಯ ಒಂದೊಂದು ಕ್ಲಿನಿಕ್ ಇತ್ತು. ಅಲ್ಲಿಗೆ ಬರುವ ಗರ್ಭಿಣಿಯರ ವಿವರಗಳು ಎಕ್ಸೆಲ್‌ನಲ್ಲಿ ದಾಖಲಾಗಿ, ವಾರಕ್ಕೊಮ್ಮೆ ಸಿ.ಎಸ್.ವಿ. ಫೈಲಾಗಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ, ನಮಗೆ ಬರುತ್ತಿದ್ದವು. ಅದನ್ನು ನಮ್ಮ ಕಂಪ್ಯೂಟರಿನ ಡೇಟಾಬೇಸಿಗೆ ಇಂಪೋರ್ಟ್ ಮಾಡಿದರೆ ಹೆರಿಗೆಯ ದಿನ ಹತ್ತಿರವಾದವರ ಪಟ್ಟಿ ಸಿಗುತ್ತಿತ್ತು. ಹಿರಿಯ ನರ್ಸ್ ಫ್ಲೇವಿಯಾ ಸಿಸ್ಟರ್ ಆ ಪಟ್ಟಿಯವರಿಗೆಲ್ಲ ಫೋನ್ ಮಾಡುತ್ತಿದ್ದರು. ಕಾಲು ಊದಿದೆಯೇ, ತಲೆನೋವು ಇದೆಯೇ, ಮಗು ಅಲುಗಾಡುತ್ತಿದೆಯೇ ಎಂದು ತುಳುವಿನಲ್ಲಿ ವಿಚಾರಿಸಿ, ಬೇಕಾದವರನ್ನು ಕರೆಸಿಕೊಳ್ಳುತ್ತಿದ್ದರು. ದೂರದ ಮನೆಗಳವರು ಆ ಫೋನನ್ನೇ ನಂಬಿಕೊಂಡಿದ್ದರು.

ನಾನು ಸೇರುವ ಸ್ವಲ್ಪ ಮೊದಲು ಹಳೆಯ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋಗಿತ್ತು. ಹೊಸದನ್ನು ತಂದು ಕ್ಲಿನಿಕ್‌ಗಳ ಫೈಲುಗಳನ್ನೆಲ್ಲ ಅದಕ್ಕೆ ಮತ್ತೊಮ್ಮೆ ಇಂಪೋರ್ಟ್ ಮಾಡಿಸಿದ್ದರು. ಒಂದೇ ಒಂದು ದೋಷ ಸಂದೇಶವೂ ಬಂದಿರಲಿಲ್ಲ.

"ಈ ಸಲ ಫೋನ್ ಮಾಡುವ ಕೆಲಸ ಕಡಿಮೆ ಉಂಟು ಸರ್. ಎಲ್ಲರದ್ದೂ ಹೆರಿಗೆ ಆಗಿಹೋಯ್ತಾ ಎಂತದು?" ಎಂದು ಸಿಸ್ಟರ್ ಒಂದು ದಿನ ನಕ್ಕರು.

ನಾನೂ ನಕ್ಕೆ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಜುಲೈ ಆರಂಭದಲ್ಲಿ ಒಂದು ಮಧ್ಯಾಹ್ನ ಪಟ್ಟಿಯಲ್ಲಿಲ್ಲದ ಹೆಸರುಗಳನ್ನು ತೆರೆದು ನೋಡುತ್ತ ಕುಳಿತೆ. ಮೂಡುಬಿದಿರೆಯ ಒಬ್ಬಾಕೆ ಮೊದಲ ತಪಾಸಣೆಗೆ ಬಂದದ್ದು ಮೇ ಇಪ್ಪತ್ತಕ್ಕೆ. ಆಕೆಯ ಹೆರಿಗೆಯ ದಿನ ಅದೇ ವರ್ಷದ ಫೆಬ್ರವರಿ! ಟೈಪಿಂಗ್ ತಪ್ಪೆಂದುಕೊಂಡು ಮುಂದೆ ಹೋದೆ. ಇನ್ನೊಬ್ಬಳು ಸಿಕ್ಕಿದಳು. ಮತ್ತೊಬ್ಬಳು. ವಿಚಿತ್ರವೆಂದರೆ, ಇಂಥ ತಾರೀಕುಗಳೆಲ್ಲ ತಿಂಗಳ ಮೊದಲ ಹನ್ನೆರಡು ದಿನಗಳೊಳಗೇ ಇದ್ದವು. ಹನ್ನೆರಡರ ಆಚೆ ಎಲ್ಲವೂ ಸರಿಯಾಗಿತ್ತು. ವರ್ಷಕ್ಕೆ ತಿಂಗಳುಗಳೂ ಹನ್ನೆರಡೇ ಎಂಬುದು ಹೊಳೆದದ್ದೇ ಕಂಪ್ಯೂಟರಿನ ತಾರೀಕಿನ ಸೆಟ್ಟಿಂಗ್ ತೆರೆದೆ.

ನಾವು ದಿನವನ್ನು ಮೊದಲು ಬರೆಯುತ್ತೇವೆ, ಆಮೇಲೆ ತಿಂಗಳು. ಹೊಸ ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿತ್ತು. ಅಲ್ಲಿ ತಿಂಗಳು ಮೊದಲು. 18/07 ಎಂದಿದ್ದರೆ, ಹದಿನೆಂಟನೇ ತಿಂಗಳು ಇಲ್ಲದ ಕಾರಣ ಯಂತ್ರ ಅದನ್ನು ಜುಲೈ ಹದಿನೆಂಟೆಂದೇ ಓದಿತ್ತು. 09/07 ಮಾತ್ರ ಸೆಪ್ಟೆಂಬರ್ ಏಳಾಗಿತ್ತು. ಜುಲೈಯಲ್ಲಿ ಹೆರಬೇಕಾದವರು ಮುಂದಿನ ತಿಂಗಳುಗಳಿಗೋ ಕಳೆದುಹೋದ ತಿಂಗಳುಗಳಿಗೋ ಸರಿದು, ಫೋನಿನ ಪಟ್ಟಿಯಿಂದ ಸದ್ದಿಲ್ಲದೆ ಜಾರಿದ್ದರು.

ಸೆಟ್ಟಿಂಗ್ ಬದಲಿಸಿ, ಮೂಲ ಫೈಲುಗಳನ್ನು ಮತ್ತೆ ಇಂಪೋರ್ಟ್ ಮಾಡಿದೆ. ಹೊಸ ಪಟ್ಟಿ ನೋಡಿದ ಸಿಸ್ಟರ್ ಫೋನ್ ಎತ್ತಿಕೊಂಡರು. ಹೆಚ್ಚಿನವರು ಕ್ಷೇಮವಾಗಿದ್ದರು. ಘಟ್ಟದ ಬುಡದಲ್ಲಿ, ಬೆಳ್ತಂಗಡಿಯಿಂದಲೂ ಆಚೆ ಇದ್ದ ಸುಮತಿ ಎಂಬಾಕೆಯ ಫೋನ್ ಮಾತ್ರ ತಾಗಲೇ ಇಲ್ಲ.

"ಹೋದ ಹೆರಿಗೆಯಲ್ಲಿ ಇವಳಿಗೆ ಬಿಪಿ ಜಾಸ್ತಿ ಇತ್ತು," ಎಂದರು ಸಿಸ್ಟರ್. "ಕಾಯುವುದು ಬೇಡ. ಹೋಗುವ."

ಆಂಬುಲೆನ್ಸಿನಲ್ಲಿ ನಾನೂ ಹೊರಟೆ. ಘಟ್ಟದ ಮೇಲೆ ಮೋಡ ಕಪ್ಪುಗಟ್ಟಿತ್ತು. ದಾರಿಯುದ್ದಕ್ಕೂ ಸಿಸ್ಟರ್ ಆ ನಂಬರಿಗೆ ಪ್ರಯತ್ನಿಸುತ್ತಲೇ ಇದ್ದರು. ನಾವು ತಲುಪಿದಾಗ ಸುಮತಿ ಜಗಲಿಯ ಕಂಬಕ್ಕೆ ಒರಗಿ, ಹಣೆ ಒತ್ತಿಕೊಂಡು ಕುಳಿತಿದ್ದಳು. ಕಣ್ಣು ಸಣ್ಣದಾಗುವಷ್ಟು ಮುಖ ಊದಿತ್ತು.

"ಕಣ್ಣೆದುರು ಕಪ್ಪು ಕಪ್ಪು ಬರ್ತದೆ ಸಿಸ್ಟರ್. ನೀವು ಫೋನ್ ಮಾಡ್ತೀರಲ್ಲ ಅಂತ ಕಾದೆ."

ಸಿಸ್ಟರ್ ಬಿಪಿ ನೋಡಿದರು. ನೋಡಿದವರೇ ಸ್ಟ್ರೆಚರ್ ಇಳಿಸಲು ಹೇಳಿದರು. ರಬ್ಬರ್ ತೋಟದಿಂದ ಓಡಿಬಂದ ಗಂಡನನ್ನೂ ಹತ್ತಿಸಿಕೊಂಡು ಹೊರಟೆವು. ಬಂಟ್ವಾಳ ಇನ್ನೂ ದೂರವಿದ್ದಾಗ ಆಕೆಗೆ ಫಿಟ್ಸ್ ಬಂತು. ಸಿಸ್ಟರ್ ಅವಳನ್ನು ಪಕ್ಕಕ್ಕೆ ಹೊರಳಿಸಿ ಹಿಡಿದರು. ನಾನು ಕಾಲುಗಳನ್ನು ಹಿಡಿದುಕೊಂಡೆ. ಆ ಊದಿದ ಪಾದಗಳ ನಡುಕ ಇಂದಿಗೂ ನನ್ನ ಅಂಗೈಯಲ್ಲಿದೆ. ತುರ್ತು ಶಸ್ತ್ರಚಿಕಿತ್ಸೆಯಾಯಿತು. ತಾಯಿ ಉಳಿದಳು, ಹೆಣ್ಣು ಮಗುವೂ ಉಳಿಯಿತು. ಗಂಡ ನನಗೆ ಕೈಮುಗಿದಾಗ ಅವನ ಮುಖ ನೋಡಲಾಗಲಿಲ್ಲ.

ಮರುದಿನ ಅದೇ ಪಟ್ಟಿಯಲ್ಲಿದ್ದ, ಮೂಡುಬಿದಿರೆ ಕಡೆಯ ಒಂದು ಮನೆಯಲ್ಲಿ ಫೋನ್ ಎತ್ತಿದ ಹೆಂಗಸು ಸಿಸ್ಟರ್ ಪೂರ್ತಿ ಕೇಳುವ ಮೊದಲೇ, "ಆಗಿ ಹೋಯ್ತು. ಮಗು ಉಳೀಲಿಲ್ಲ," ಎಂದು ಫೋನ್ ಇಟ್ಟುಬಿಟ್ಟರು. ನಾವಿಬ್ಬರೂ ಅಲ್ಲಿಗೆ ಹೋದೆವು. ಫೋನ್ ಎತ್ತಿದ್ದು ಅತ್ತೆ. ಬಾಣಂತಿ ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮಗುವಿನ ಅಲುಗಾಟ ನಿಂತದ್ದು ಆಕೆಗೆ ಗೊತ್ತಾಗಿತ್ತು. ಆಸ್ಪತ್ರೆಯವರೇ ಫೋನ್ ಮಾಡದಿರುವಾಗ ಹೆದರುವಂಥದ್ದೇನೂ ಇರಲಿಕ್ಕಿಲ್ಲವೆಂದು ಮನೆಯವರು ಸಮಾಧಾನ ಹೇಳಿದ್ದರು. ಕಂಪ್ಯೂಟರಿನಲ್ಲಿ ಆದದ್ದನ್ನು ನಾನು ಮುಚ್ಚಿಡದೆ ಹೇಳಿದೆ. ಅತ್ತೆ ಒಳಕೋಣೆಯ ಕಡೆ ನೋಡಿದರು.

"ಹಾಗಾದರೆ ಇವಳ ಹೆಸರು ನಿಮ್ಮ ಕಂಪ್ಯೂಟರಿನಲ್ಲಿ ಇರ್ಲೇ ಇಲ್ವಾ?"

"ಇತ್ತಮ್ಮ," ಎಂದೆ.

ಫೋನ್ ಹೋಗಿದ್ದರೆ ಆ ಮಗು ಉಳಿಯುತ್ತಿತ್ತೇ ಎಂದು ನಮ್ಮ ಡಾಕ್ಟರನ್ನು ಕೇಳಿದೆ. "ಹೇಳ್ಲಿಕ್ಕೆ ಆಗುವುದಿಲ್ಲ" ಎಂದರು. ಅದಕ್ಕಿಂತ ಭಾರವಾದ ಉತ್ತರ ನನಗೆ ವೃತ್ತಿಯಲ್ಲಿ ಮತ್ತೆ ಸಿಕ್ಕಿಲ್ಲ.

ದೋಷ ಸಂದೇಶ ಬಂದಿಲ್ಲವೆಂದರೆ ಯಂತ್ರಕ್ಕೆ ತಕರಾರಿಲ್ಲವೆಂದಷ್ಟೇ ಅರ್ಥ. ಬಿಟ್ಟುಹೋದ ದಾಖಲೆಯನ್ನು ಯಾರಾದರೂ ಹುಡುಕಿಯಾರು. ತಪ್ಪು ಜಾಗದಲ್ಲಿ ಅಚ್ಚುಕಟ್ಟಾಗಿ ಕುಳಿತ ದಾಖಲೆಯನ್ನು ಯಾರೂ ಹುಡುಕುವುದಿಲ್ಲ. ಈಗ ಪ್ರತಿ ಇಂಪೋರ್ಟ್ ಆದ ಮೇಲೆ ಅಲ್ಲೊಂದು ಇಲ್ಲೊಂದು ಸಾಲು ಆರಿಸಿ, ಆ ಮನೆಗೆ ನಾನೇ ಫೋನ್ ಮಾಡುತ್ತೇನೆ. "ಡಾಕ್ಟ್ರು ನಿಮಗೆ ಯಾವ ದಿನ ಹೇಳಿದ್ದಾರೆ?" ಎಂದು ಕೇಳುತ್ತೇನೆ. ಆ ಕಡೆಯಿಂದ ಬಂದ ಉತ್ತರವನ್ನು ಪರದೆಯ ಮೇಲಿನ ತಾರೀಕಿಗೆ ಹೋಲಿಸಿ ನೋಡುತ್ತೇನೆ.