ಬಿಡಲೊಲ್ಲದ ರಿಲೇ

ಮೊನ್ನೆ ಬಂಗಾರಪೇಟೆಯ ನನ್ನ ಮೋಟಾರ್ ರಿಪೇರಿ ಅಂಗಡಿಯಲ್ಲಿ ಒಂದು ಮೋಟಾರ್ ಸುಟ್ಟು, ಅದರ ತಂತಿಗೆ ಬಳಿದ ವಾರ್ನಿಷ್ ವಾಸನೆ ಎದ್ದಿತು. ಮೂಗಿಗೆ ತಾಕಿದ್ದೇ ತಡ, ಬೇತಮಂಗಲದ ಹತ್ತಿರದ ನಮ್ಮೂರಿನ ಬಾವಿ, ಅದರ ದಡದಲ್ಲಿ ನಿಂತ ಪಕ್ಕದ ಮನೆ ಮಾವ ಕಣ್ಮುಂದೆ ಬಂದರು...

ಮಾವ ಚಿನ್ನದ ಗಣಿಯಲ್ಲಿ ಆಳುಗಳನ್ನು ಇಳಿಸಿ ಎತ್ತುವ ಕೇಜಿನ ಕೆಲಸ ಮಾಡಿದವರು. ಗಣಿ ಮುಚ್ಚಿದ ಮೇಲೆ ಊರಿಗೆ ಬಂದರು. ಎದೆ ತುಂಬ ಗಣಿಯ ಧೂಳು, ನಾಲ್ಕು ಹೆಜ್ಜೆಗೆ ಕೆಮ್ಮು.

ಆ ಬೇಸಿಗೆ ನಮ್ಮ ಬಾವಿಯ ಹೂಳೆತ್ತಬೇಕಿತ್ತು. ಇಳಿಯುವವನು ನಾನು. ಅಲ್ಲಿಗೆ ಕರೆಂಟ್ ಇರಲಿಲ್ಲ. ಮಾವ ಎರಡು ಲಾರಿ ಬ್ಯಾಟರಿಗೆ ಇಪ್ಪತ್ನಾಲ್ಕು ವೋಲ್ಟಿನ ಡಿಸಿ ಮೋಟಾರ್ ಜೋಡಿಸಿದರು. ಇಳಿಸುವುದು ಕೈಯಲ್ಲಿ, ಎತ್ತುವುದು ಮೋಟಾರಿನಲ್ಲಿ. ಗುಂಡಿ ಒತ್ತಿದಾಗ ಮೋಟಾರಿಗೆ ಕರೆಂಟು ಕೊಟ್ಟು, ಬಿಟ್ಟಾಗ ಕಡಿಯುವುದು ರಿಲೇ. ಟಕ್ ಎನ್ನುವ ಮಾಮೂಲಿ ರಿಲೇಯೊಳಗಿನ ಲೋಹದ ಕಾಂಟ್ಯಾಕ್ಟು ಅಂಟಿಕೊಂಡು ಮೋಟಾರ್ ನಿಲ್ಲದೇ ಹೋದರೆ ನನ್ನ ಗತಿಯೇನೆಂದು ಹೆದರಿ, ಕಾಂಟ್ಯಾಕ್ಟೇ ಇಲ್ಲದ ಸಾಲಿಡ್ ಸ್ಟೇಟ್ ರಿಲೇ ತಂದರು. ಎಷ್ಟು ಆಂಪಿಯರ್ ಎಂದು ನೋಡಿದರು, ಮನೆಯ ಎಸಿ ಕರೆಂಟಿನದೋ ಬ್ಯಾಟರಿಯ ಡಿಸಿಯದೋ ಎಂದು ನೋಡಲಿಲ್ಲ. ನನಗಂತೂ ಆಗ ಅದರ ಗಂಧಗಾಳಿಯೂ ಇರಲಿಲ್ಲ.

ಸೊಂಟಕ್ಕೆ ಬೆಲ್ಟ್ ಬಿಗಿದು ನಿಂತೆ.

"ನಿಲ್ಲಲಾ, ಮೊದ್ಲು ಮಣ್ಣಿನ ಮೂಟೆ ಓಗಿ ಬರ್ಲಿ. ಗಣಿಯಾಗೆ ಬರೀ ಕೇಜು ಓಗಿ ಬಂದ್ಮೇಲೇನೇ ಮನ್ಸನ್ನ ಬಿಡ್ತಿದ್ದಿದ್ದು," ಅಂದರು.

ಬಿಸಿಲು ಏರುತ್ತಿತ್ತು. ಮುದುಕನ ಶಾಸ್ತ್ರ ಇನ್ನೂ ಮುಗಿಯಲಿಲ್ಲವಲ್ಲ ಎಂದು ನನಗೆ ಸಿಟ್ಟು.

ಮೂಟೆ ಮೇಲೆ ಬಂತು. ಮಾವ ಸ್ವಿಚ್ಚಿನ ಗುಂಡಿಯಿಂದ ಬೆರಳು ತೆಗೆದರು. ರಿಲೇಯ ಕೆಂಪು ದೀಪ ಆರಿತು. ಮೋಟಾರ್ ಮಾತ್ರ ನಿಲ್ಲಲಿಲ್ಲ.

"ದೀಪ ಆರೈತಲ್ಲೋ! ಯಾಕೋ ನಿಲ್ತಿಲ್ಲ!"

ಮೂಟೆ ರಾಟೆಗೆ ಹೋಗಿ ಬಡಿಯಿತು. ಮೋಟಾರ್ ಗುಂಯ್‌ಗುಟ್ಟಿ ಹೊಗೆಯಾಡಿತು, ಹಗ್ಗ ಹರಿಯಿತು. ಮಾವ ಬ್ಯಾಟರಿಯ ಕ್ಲಿಪ್ ಎಳೆದು ಬಿಸಾಡುವಷ್ಟರಲ್ಲಿ ಬಾವಿಯ ತಳದಿಂದ ಮೂಟೆ ಬಿದ್ದ ಸದ್ದು ಕೇಳಿತು... ಆ ಜಾಗದಲ್ಲಿ ಇರಬೇಕಾಗಿದ್ದವನು ನಾನು.

ಎಸಿಗೆ ಮಾಡಿದ ರಿಲೇ ಒಮ್ಮೆ ಹಿಡಿದರೆ, ಕರೆಂಟು ಸೊನ್ನೆಗೆ ಇಳಿದಾಗ ಮಾತ್ರ ಬಿಡುತ್ತದೆ. ಎಸಿ ಕರೆಂಟು ಕ್ಷಣಕ್ಷಣಕ್ಕೂ ಸೊನ್ನೆಗೆ ಇಳಿಯುತ್ತದೆ, ಬ್ಯಾಟರಿಯ ಡಿಸಿ ಕರೆಂಟು ಹಾಗೆ ತಾನಾಗಿ ಇಳಿಯುವುದೇ ಇಲ್ಲ. ಇದನ್ನು ಕೇಳಿ ತಿಳಿದುಕೊಂಡು ಮಾವ ಡಿಸಿಯದನ್ನೇ ಆರಿಸಿದರು. ಮೋಟಾರ್ ಹೊರಡುವಾಗ ಎಳೆಯುವುದಕ್ಕಿಂತ ಹೆಚ್ಚು ಆಂಪಿಯರಿನದು ನೋಡಿ ತಂದರು, ಸುಟ್ಟ ಮೋಟಾರ್ ರಿಪೇರಿ ಮಾಡಿಸಿ ಹೊಸ ಹಗ್ಗ ಕಟ್ಟಿದರು, ಮೋಟಾರ್ ನಿಲ್ಲುವಾಗ ಹಿಂದಕ್ಕೆ ಚಿಮ್ಮುವ ವೋಲ್ಟೇಜು ರಿಲೇಯನ್ನು ಕೆಡಿಸದಂತೆ ಡಯೋಡ್ ಕೂಡ ಹಾಕಿದರು. ಈ ಸಲ ಮೂಟೆ ಹೇಳಿದ ಕಡೆ ನಿಂತಿತು.

ಆದರೂ ನಾನು ಬೆಲ್ಟಿಗೆ ಕೈಹಾಕಿದಾಗ ಅವರು ಕಿತ್ತುಕೊಂಡರು.

"ಮೊದ್ಲು ನಾನ್ ಇಳೀತೀನಿ. ನೀನ್ ಸ್ವಿಚ್ ಇಡ್ಕ."

"ಬ್ಯಾಡ ಮಾವ, ನಿಮ್ಗೆ ಉಸ್ರೇ ಆಡಾಕಿಲ್ಲ..."

"ನಿಂಗೇನಾನಾ ಆದ್ರೆ ನಿಮ್ಮಮ್ಮಂಗೆ ನಾನೇನಂತ ಯೋಳ್ಲಿ?"

ಇಳಿದೇಬಿಟ್ಟರು. ಕೆಳಗಿನಿಂದ ಕೆಮ್ಮು ಕೇಳುತ್ತಿತ್ತು. ಗುಂಡಿ ಒತ್ತಿದೆ. ಅವರ ತಲೆ ಬಾವಿಯ ಅಂಚಿಗೆ ಬಂತು, ಬೆವರಿದ ಬೆರಳು ತೆಗೆದೆ. ನಿಂತಿತು. ಅವರು ನಕ್ಕರು, ನಾನು ಅತ್ತುಬಿಟ್ಟೆ.

ಮಾವ ಹೋಗಿ ಎಷ್ಟೋ ಕಾಲವಾಯಿತು... ಆ ಎದೆ ಕೊನೆಗೂ ಅವರನ್ನು ಉಳಿಸಲಿಲ್ಲ. ಈ ಬೇಸಿಗೆ ನಾನು ಮತ್ತೆ ಬಾವಿಗೆ ಇಳಿಯಬೇಕು. ಸ್ವಿಚ್ ಹಿಡಿಯಲು ಯಾರಾದರೂ ಸಿಗುತ್ತಾರೆ. ನನಗಿಂತ ಮುಂಚೆ ಇಳಿಯುವವರು ಈಗ ಯಾರೂ ಇಲ್ಲ.