ಎದುರುಮನೆ ಕಾಕಿ ಹೇಳಿದ ಧಾರಾವಾಹಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರೋ ಬಯ್ಯುವುದಕ್ಕಿಂತ ನಾನೇ ಬಯ್ದುಕೊಳ್ಳುವುದು ಅಗ್ಗ. ನನಗೆ ಭಾಷೆಯೇ ಬರದ ಧಾರಾವಾಹಿಯೊಂದನ್ನು ಸಾವಿರಾರು ಮಂದಿಯ ಮುಂದೆ ವಿಮರ್ಶೆ ಮಾಡಿದೆ. ಸಾವಿರಾರು ಅನ್ನುವುದೂ ಸುಳ್ಳೇ. ಅದರಲ್ಲಿ ಅರ್ಧ ನನ್ನ ಸೋದರತ್ತೆಯ ಮಕ್ಕಳು, ಇನ್ನರ್ಧ ತಪ್ಪಿ ಒತ್ತಿದವರು.

ಮಂದಿಯ ದನಿ ಕದಿಯುವುದು ನನ್ನ ಕಸುಬು. ಅವ್ವ ಅದಕ್ಕೆ ಕಸುಬು ಅನ್ನುವುದಿಲ್ಲ, ಗಂಟಲಬ್ಯಾನಿ ಅನ್ನುತ್ತಾಳೆ. ವಾಡಿ ಜಂಕ್ಷನ್ನಿನಲ್ಲಿ ರೈಲು ತಡವೆಂದು ಕ್ಷಮೆ ಕೇಳುವ ಹೆಣ್ಣಿನ ದನಿ, ಚಿತ್ತಾಪುರ ಬಸ್ಸಿನ ಕಂಡಕ್ಟರನ ದನಿ, ಚಿಂಚೋಳಿಯ ನಮ್ಮ ಮಾಮಾ ನಿದ್ದೆಯಲ್ಲೂ ಹೆಂಡತಿಗೆ ಹೆದರಿ ಹೂಂಗುಡುವ ದನಿ, ಎಲ್ಲ ಬರುತ್ತವೆ. ಮದುವೆಮನೆಗಳಲ್ಲಿ ಮಿಮಿಕ್ರಿಗೆ ಕರೆಯುವ ಸೀಸನ್ ಇಲ್ಲದಾಗ ಮೊಬೈಲಿನ ಮುಂದೆ ಕೂತು, ಅರ್ಧಕ್ಕೆ ನಿಂತ ಹಳೇ ಧಾರಾವಾಹಿಗಳ ವಿಮರ್ಶೆ ಮಾಡುತ್ತೇನೆ. ಚಾನೆಲ್‌ನವರು ಟಿಆರ್‌ಪಿ ಇಲ್ಲವೆಂದು ಕತ್ತು ಹಿಸುಕಿದ ಕಥೆಗಳವು. ಆದರೆ ನಮ್ಮ ಗಲ್ಲಿಗಳಲ್ಲಿ ಅವಕ್ಕೆ ದೇವರಿಗಿಂತ ಹೆಚ್ಚು ಭಕ್ತರಿದ್ದರು.

ಹೋದ ತಿಂಗಳು ಹಿನ್ನೆಲೆಗೆ ಇರಲಿ ಅಂತ ಗುಜರಿ ಅಂಗಡಿಯಿಂದ ಒಂದು ಡಬ್ಬಾ ಟಿವಿ ಹೊತ್ತು ತಂದೆ. ಹಚ್ಚಿದರೆ ಚಿತ್ರವಿಲ್ಲ, ಬರೀ ಚುಕ್ಕೆಗಳ ಗದ್ದಲ. ಸ್ವಲ್ಪ ಹೊತ್ತಿಗೆ ಅದರ ಬೆನ್ನು ಬಿಸಿಯಾಗಿ, ಒಳಗಿನ ಧೂಳು ಕಾದ ವಾಸನೆ ಬಂತು... ಶಹಾಬಾದಿನ ನಮ್ಮ ಹಳೇ ಮನೆ, ಮಧ್ಯಾಹ್ನ, ಪರಸಿ ಕಲ್ಲಿನ ತಣ್ಣನೆಯ ನೆಲ, ಅದರ ಮೇಲೆ ಮೊರ ಹಿಡಿದು ಕೂತ ಎದುರುಮನೆ ಕಾಕಿ.

ಅವತ್ತೇ ವಿಡಿಯೊ ಮಾಡಿ ಹಾಕಿದೆ. ಕಾಕಿಯ ಜೊತೆ ಕೂತು ನೋಡಿದ ತೆಲುಗು ಧಾರಾವಾಹಿಯದು. ಅತ್ತಿಗೆಯ ಬಾಗಿಲ ಹೊರಗೆ ದಿನಾ ರಾತ್ರಿ ಬಂದು ನಿಲ್ಲುವ ಮೈದುನ, ಒಳಗೆ ಉಸಿರು ಬಿಗಿಹಿಡಿದ ಅತ್ತಿಗೆ, ಹಿತ್ತಿಲಲ್ಲಿ ಬಾವಿ. ಇಂಥ ಭಯಾನಕ ಕಥೆಯನ್ನು ನಡುವೆ ನಿಲ್ಲಿಸಿದ ಚಾನೆಲ್‌ನವರಿಗೆ ಮನಸಾರೆ ಬಯ್ದೆ. ಮೈದುನನ ದನಿಯನ್ನೂ ಮಾಡಿ ತೋರಿಸಿದೆ.

ಮರುದಿನ ತೆಲುಗು ಬಲ್ಲ ತಾಂಡೂರು ಕಡೆಯವರು ನನ್ನ ಮೇಲೆ ಬಿದ್ದರು. ಅಣ್ಣಾ, ನೀವು ನೋಡಿದ್ದು ಯಾವ ಧಾರಾವಾಹಿ? ಅದರಲ್ಲಿ ಮೈದುನ ದೇವರಂಥವನು. ಯಾರೋ ಪುಣ್ಯಾತ್ಮ ಹಳೇ ಕಂತುಗಳನ್ನೇ ಕಳಿಸಿದ, ಕೆಳಗೆ ನನ್ನ ಪಿಯುಸಿ ಇಂಗ್ಲಿಷಿಗೂ ದಕ್ಕುವಂಥ ಅಕ್ಷರಗಳು ಓಡುತ್ತಿದ್ದವು. ನಗುತ್ತಲೇ ನೋಡಲು ಕೂತೆ. ಆ ಮನೆಯ ಅತ್ತೆಗೆ ಕಣ್ಣು ಹೋಗಿದೆ, ಯಾರಿಗೂ ಹೇಳಿಲ್ಲ. ಕತ್ತಲಲ್ಲಿ ಎದ್ದು ಹೋಗಿ ಬಾವಿಗೆ ಬಿದ್ದಾಳೆಂದು ಸಣ್ಣ ಮಗ ಹಿತ್ತಿಲ ದಾರಿಯಲ್ಲಿರುವ ಸೊಸೆಯ ಬಾಗಿಲ ಹೊರಗೆ ನಿಂತು ಕಾಯುತ್ತಾನೆ. ಸೊಸೆಗೆ ಅದು ಗೊತ್ತು, ಅವಳೂ ಎಚ್ಚರಿದ್ದು ಕಾಯುತ್ತಾಳೆ. ಕಥೆಯೆಂದರೆ ಅಷ್ಟೇ. ಕಣ್ಣೊರೆಸಿಕೊಳ್ಳುವ ಕಥೆ, ಹೆದರುವ ಕಥೆಯಲ್ಲ.

ಚಿತ್ರ ಎಲ್ಲ ಅದೇ. ಆ ಬಾಗಿಲು, ಆ ಬಾವಿ, ಹೊರಗೆ ನಿಂತ ಆ ಗಂಡಸು, ಎಲ್ಲವೂ ನಾನು ಕಂಡಿದ್ದವೇ. ಮಾತು ಮಾತ್ರ ಬೇರೆ. ಹಾಗಾದರೆ ಕಾಕಿ ನಮಗೆ ಹೇಳಿದ್ದು ಯಾರ ಕಥೆ? ನಗು ಅಲ್ಲಿಗೆ ನಿಂತಿತು.

ಆಗ ನಾನು ಪಿಯುಸಿಯಲ್ಲಿ ಒಂದು ವಿಷಯ ಉಳಿಸಿಕೊಂಡು ಮನೆಯಲ್ಲೇ ಇದ್ದೆ. ಒಂದು ಅಂತ ಅಪ್ಪನಿಗೆ ಹೇಳಿದ್ದೆ. ಎದುರು ಸಾಲಿನ ಮನೆಗಳ ಹಿಂದೆ ಕೆಲಸ ನಿಂತ ಕಲ್ಲಿನ ಖಣಿಯೊಂದಿತ್ತು. ಪರಸಿ ತೆಗೆದೂ ತೆಗೆದೂ ಗೋಡೆ ಕೊಯ್ದಂತೆ ನೆಟ್ಟಗೆ ಇಳಿದಿತ್ತು, ಒಳಗೆ ಹಸಿರು ನೀರು. ಗಾಳಿ ಬೀಸಿದರೂ ಆ ನೀರು ಅಲುಗುತ್ತಿರಲಿಲ್ಲ. ಮೆಟ್ಟಿಲಿಲ್ಲ, ಹಿಡಿಯಲು ಒಂದು ಗಿಡವೂ ಇಲ್ಲ. ಕಾಕಿಯ ಮನೆಯ ಹಿತ್ತಿಲ ಬಾಗಿಲು ಅದರ ಕಡೆಗೇ ತೆರೆಯುತ್ತಿತ್ತು.

ಕಾಕಿ ತಾಂಡೂರು ಕಡೆಯ ಹೆಣ್ಣು. ಗಂಡ ಲಾರಿ ಡ್ರೈವರ್. ಇಲ್ಲಿಂದ ಕಲ್ಲು ಹೇರಿಕೊಂಡು ಸೊಲ್ಲಾಪುರ, ಪುಣೆ ಅಂತ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಮತ್ತು ಮೈದುನ. ಟಿವಿ ಅವರಲ್ಲೂ ಇತ್ತು, ಆದರೆ ಅದರ ಮುಂದೆ ಮೈದುನ ಇರುತ್ತಿದ್ದ. ಹಾಗಾಗಿ ಮಧ್ಯಾಹ್ನ ಅಕ್ಕಿ ಹಸನು ಮಾಡುವ ನೆವದಲ್ಲಿ ಮೊರ ಹಿಡಿದು ನಮ್ಮಲ್ಲಿಗೆ ಬಂದು, ಗೋಡೆಗೆ ಆನಿಕೊಂಡು ಕೂತುಬಿಡುತ್ತಿದ್ದಳು. ಮೂಲೆಮನೆ ಆಯಿಯೂ ಬರುತ್ತಿದ್ದಳು. ಆಯಿಗೆ ಹಲ್ಲಿರಲಿಲ್ಲ, ಅಭಿಪ್ರಾಯಗಳಿದ್ದವು.

ಒಂದು ದಿನ ಕೇಬಲ್‌ನವನು ನಮ್ಮ ಕನ್ನಡ ಚಾನೆಲ್ ಬರುತ್ತಿದ್ದ ನಂಬರಿನಲ್ಲಿ ತೆಲುಗು ತಂದು ಕೂರಿಸಿದ. ಆಯಿ ಅವನ ವಂಶವನ್ನೆಲ್ಲ ನೆನೆದು ಬಯ್ದಳು. ನಮ್ಮ ಮನೆಯಲ್ಲಿ ಯಾರಿಗೆ ತೆಲುಗು ಬರುತ್ತದೆ, ಬಂದ್ ಮಾಡುತ್ತೇನೆ ಅಂತ ನಾನು ಎದ್ದೆ. ಅಲ್ಲಿಯವರೆಗೆ ಹೌದು, ಇಲ್ಲ ಬಿಟ್ಟರೆ ಬೇರೆ ಮಾತಾಡದ ಕಾಕಿ ತಲೆಯೆತ್ತಿದಳು.

"ಇರ್ಲಿ ಬಿಡ್ರಿ ಅಕ್ಕಾ. ನಾ ಹೇಳ್ತೀನಿ."

ಅವ್ವ ನನ್ನನ್ನು ಕೈಹಿಡಿದು ಕೂರಿಸಿದಳು. ಅಂದಿನಿಂದ ಚಿತ್ರ ಅವರದು, ಮಾತು ಕಾಕಿಯದು. ಮೊರದಲ್ಲಿ ಬೆರಳಾಡಿಸುತ್ತ, ಕಣ್ಣು ಎತ್ತದೆ ಹೇಳುತ್ತಿದ್ದಳು. ಒಳಗಿನ ಚಿಲಕ ಮುರಿದಿದೆ, ಮುರಿದದ್ದಲ್ಲ, ಯಾರೋ ಬಿಚ್ಚಿದ್ದಾರೆ. ಅದಕ್ಕೇ ಆಕೆ ಬಾಗಿಲಿಗೆ ರುಬ್ಬುಗಲ್ಲು ಒತ್ತಿಟ್ಟು ಮಲಗುತ್ತಾಳೆ. ಕಲ್ಲು ಎಲ್ಲಿದೆ, ನನಗೆ ಕಾಣುತ್ತಿಲ್ಲವಲ್ಲ ಅಂತ ನಾನು ತಕರಾರು ತೆಗೆದೆ. ಕತ್ತಲಲ್ಲಿದೆ, ಹಾಗೆಲ್ಲ ಕಾಣುವುದಿಲ್ಲ ಅಂದಳು. ಮುಂದಿನ ಕಂತುಗಳಲ್ಲಿ ಸೊಸೆ ಅತ್ತೆಗೆ ಹೇಳಿದಳು, ಅತ್ತೆ ಅವಳ ಬಾಯಿ ಮೇಲೆಯೇ ಹೊಡೆದಳು. ಗಂಡನಿಗೆ ಫೋನಿನಲ್ಲಿ ಹೇಳಿದಳು, ನನ್ನ ತಮ್ಮ ಅಂಥವನಲ್ಲ ಅಂತ ಅವನು ಇಟ್ಟುಬಿಟ್ಟ. ಆಮೇಲಿನ ಕಂತಿನಲ್ಲಿ ಮೈದುನ ಬಾವಿಕಟ್ಟೆಯ ಹತ್ತಿರ ನಿಂತು ಅತ್ತಿಗೆಗೆ ಏನೋ ಅಂದ. ಏನಂದ ಅಂತ ಆಯಿ ಕೇಳಿದಳು. ನೀರು ಭಾಳ ಆಳ ಅದ, ಜಾರಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದ ಎಂದು ಕಾಕಿ ಹೇಳಿದಳು.

ಇಷ್ಟು ಒಳ್ಳೆಯ ಮಾತಿಗೆ ಒಂದು ದನಿ ಬೇಡವೇ? ನಾನು ಕಲಾವಿದ. ಕೈಗೆ ಹತ್ತಿರ ಯಾವುದು ಸಿಕ್ಕಿತೋ ಅದನ್ನೇ ತೆಗೆದುಕೊಂಡೆ. ಕೆನ್ನೆಯಲ್ಲಿ ಗುಟ್ಕಾ ಇಟ್ಟುಕೊಂಡು, ಅತ್ತಿಗೆಗೆ ವೈನಿ ಅನ್ನುತ್ತ, ಶಬ್ದಗಳನ್ನು ಎಳೆದೆಳೆದು ಬಿಡುವ ಕಾಕಿಯ ಮೈದುನನ ದನಿ. "ನೀರು ಭಾ...ಳ ಆಳ ಅದ, ವೈನೀ..." ಆಯಿ ಎಲೆಅಡಿಕೆ ನೆತ್ತಿಗೇರುವಂತೆ ನಕ್ಕಳು. ಕಾಕಿಯ ಬೆರಳುಗಳು ಅಕ್ಕಿಯಲ್ಲಿ ನಿಂತುಬಿಟ್ಟವು.

"ಆ ದನಿ ಬ್ಯಾಡಪ್ಪ," ಅಂದಳು, ಸಣ್ಣಗೆ.

ಬೇಡವೆಂದರೆ ನಾನು ಬಿಡುವವನೇ? ದಿನಾ ಮಾಡಿದೆ.

ದಿನದ ಕಂತು ಮುಗಿದ ಮೇಲೆ ಕರೆಂಟು ಹೋಗುತ್ತಿತ್ತು, ವಿಮರ್ಶೆ ಶುರುವಾಗುತ್ತಿತ್ತು. ನಾನು ವಿಮರ್ಶೆ ಕಲಿತದ್ದು ಆ ಸೆಕೆಯಲ್ಲಿ. ಆಯಿಯ ತೀರ್ಮಾನ ಯಾವತ್ತೂ ಒಂದೇ. ಸೊಸೆಯಾದವಳು ಬಾಯಿ ಬಿಡಬಾರದು, ಬಿಟ್ಟರೆ ಅವಳದೇ ಮಾನ ಹೋಗುವುದು. ಕಾಕಿ ತಲೆ ತಗ್ಗಿಸಿ ಕೇಳುತ್ತಿದ್ದಳು. ನಾವು ಕಥೆಗೆ ಅಂತ ಹೇಳಿದ್ದನ್ನು ಆಕೆ ಹೇಗೆ ಮನೆಗೆ ಒಯ್ಯುತ್ತಿದ್ದಳೋ.

ಒಮ್ಮೆ ಸೊಸೆ ಮಧ್ಯರಾತ್ರಿ ಮನೆ ಬಿಟ್ಟು ಹೋಗಲು ಬಾಗಿಲಿಗೆ ಕೈಹಚ್ಚಿದ್ದಾಳೆ ಅಂತ ಕಾಕಿ ಹೇಳಿದಳು. ಯಾವತ್ತೂ ಸುಮ್ಮನಿರುತ್ತಿದ್ದ ಅವ್ವ ಅವತ್ತು ಕಥೆ ಬರೆದವನ ಮೇಲೆ ಸಿಟ್ಟಾದಳು.

"ಬರದಾವಗ ಅಕ್ಕಲ್ ಇಲ್ಲ. ರಾತ್ರಿ ಹೋದ್ರ ಓಡಿಹೋದ್ಳು ಅಂತ ಬೆನ್ನ ಹತ್ತತಾರ. ಹಗಲೀ ಹೋಗ್ಬೇಕು, ಹಿಟ್ಟಿನ ಡಬ್ಬಿ ಬಗಲಾಗ ಇಟ್ಕೊಂಡು. ಗಿರಣಿಗಿ ಹೊಂಟ ಹೆಣಮಗಳಿಗಿ ಯಾರೂ ಎಲ್ಲಿಗಂತ ಕೇಳಂಗಿಲ್ಲ."

ಧಾರಾವಾಹಿಯಲ್ಲಿ ಗಿರಣಿ ಎಲ್ಲಿಂದ ಬಂತವ್ವ ಅಂತ ನಾನು ನಕ್ಕೆ. ನಮ್ಮೂರಿನ ಗಿರಣಿ ಇದ್ದದ್ದು ಸ್ಟೇಷನ್ ರಸ್ತೆಯಲ್ಲಿ.

ಅದಾದ ಕೆಲವು ದಿನಕ್ಕೆ, ನಡುಕಥೆಯಲ್ಲಿ, ಬಾಗಿಲಿಗೆ ನೆರಳು ಬಿತ್ತು. ಮೈದುನ. ನಮಸ್ಕಾರ್ರಿ ಅಕ್ಕಾರ ಅಂತ ಅವ್ವನಿಗೆ ಅಂದ, ಹೊಸ್ತಿಲ ಹೊರಗೇ ನಿಂತ. ಒಳಗೆ ಬರ್ರಿ ಅಂದರೂ ಬರಲಿಲ್ಲ. ಟಿವಿಯಲ್ಲೂ ಅದೇ ಹೊತ್ತಿಗೆ ಒಬ್ಬ ಗಂಡಸು ಬಾಗಿಲ ಹೊರಗೆ ನಿಂತಿದ್ದ.

"ಏನೋ ಕಥಿ ಹೇಳ್ತೀಯಂತಲ್ಲ ವೈನಿ. ಹೇಳು, ನಾನೂ ಕೇಳ್ತೀನಿ."

ಕಾಕಿ ಹೇಳಿದಳು. ದನಿ ನಡುಗಲಿಲ್ಲ. ಈ ಹುಡುಗನಿಗೆ ತಾಯಿ ಅಂದರೆ ಜೀವ, ಆಕೆಗೆ ಕಣ್ಣು ಕಾಣಿಸುವುದಿಲ್ಲ, ಬಿದ್ದಾಳೆಂದು ರಾತ್ರಿಯೆಲ್ಲ ಕಾಯುತ್ತಾನೆ ಅಂದಳು. ನಾನು ಬಾಯಿ ತೆರೆದೆ, ಇದೇನು ಉಲ್ಟಾ ಹೊಡೆಯಿತು ಕಥೆ ಅಂತ. ತೆರೆದ ಬಾಯಲ್ಲಿ ಆ ದನಿ ಬೇರೆ ತಯಾರಿತ್ತು. ಅವ್ವ ನನ್ನ ತೊಡೆಯನ್ನು ಚಿವುಟಿದ್ದು ಎಷ್ಟು ಜೋರಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಹೌದು, ಅವ ಮೊದಲಿಂದನೂ ಚಲೋ ಹುಡುಗ ಅಂತ ಅವ್ವ ಟಿವಿ ನೋಡುತ್ತಲೇ ಅಂದಳು. ಮೈದುನ ಗುಟ್ಕಾ ಉಗುಳಿ, ನಕ್ಕು, ಹೋದ.

ಈಗ ಆ ಕಂತನ್ನು ಎರಡು ಸಲ ನೋಡಿದ್ದೇನೆ. ಅದೊಂದನ್ನು ಮಾತ್ರ ಕಾಕಿ ಇದ್ದದ್ದು ಇದ್ದಂತೆಯೇ ಹೇಳಿದ್ದಳು.

ಆಮೇಲೆ ಒಂದು ದಿನ ಅದೇ ಹೊತ್ತಿಗೆ ಟಿವಿ ಹಚ್ಚಿದರೆ ಅಡುಗೆ ಕಾರ್ಯಕ್ರಮ. ಮರುದಿನವೂ ಅಡುಗೆ. ಧಾರಾವಾಹಿ ನಿಂತುಹೋಗಿತ್ತು. ಕೊನೆಯ ಚಿತ್ರದಲ್ಲಿ ಸೊಸೆ ಬಾಗಿಲ ಚಿಲಕದ ಮೇಲೆ ಕೈಯಿಟ್ಟಿದ್ದಳು, ಅಷ್ಟೇ. ಆಯಿ ಬಯ್ದು ಮನೆಗೆ ಹೋದಳು. ಬದನೆಕಾಯಿ ಹೆಚ್ಚುವುದನ್ನೇ ಕಾಕಿ ಭಾಳ ಹೊತ್ತು ನೋಡಿದಳು.

"ಇನ್ನ ಅಕಿ ಏನ್ ಮಾಡ್ಬೇಕ್ರಿ ಅಕ್ಕಾ?"

ಧಾರಾವಾಹಿಯೇ ಇಲ್ಲದ ಮೇಲೆ ಆಕೆ ಏನು ಮಾಡಿದರೆ ನಮಗೇನು ಅಂತ ನಾನು ನಕ್ಕೆ. ಅವ್ವ ನಗಲಿಲ್ಲ. ಹೇಳಿದೆನಲ್ಲ ಅವತ್ತೇ, ಅಂದಳು. ಟಿವಿ ಬಂದ್ ಮಾಡಿದಳು.

ಆ ವಾರದಲ್ಲೇ ಕಾಕಿಯನ್ನು ಕೊನೆಯ ಸಲ ಕಂಡೆ. ಉರಿಬಿಸಿಲು. ಬಗಲಲ್ಲಿ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಗಲ್ಲಿಯ ತಿರುವಿನಲ್ಲಿ ಹೊರಟಿದ್ದಳು. ನನಗೆ ಸುಮ್ಮನಿರುವ ರೋಗವಿಲ್ಲ. ಹಿಂದಿನಿಂದ ಆ ದನಿಯಲ್ಲೇ ಕರೆದೆ. "ವೈನೀ..."

ಕಾಕಿ ನಿಂತಳು. ತಿರುಗಲಿಲ್ಲ. ಹೆಗಲು ಮಾತ್ರ ಕಿವಿಯವರೆಗೆ ಎದ್ದದ್ದು ಕಂಡಿತು. ನಾನು ನಕ್ಕದ್ದು ಕೇಳಿಸಿರಬೇಕು, ಮತ್ತೆ ನಡೆದಳು, ಮೊದಲಿಗಿಂತ ಜೋರಾಗಿ... ನಮ್ಮ ಗಲ್ಲಿಯಿಂದ ಆಕೆಯ ಕಿವಿಗೆ ಬಿದ್ದ ಕೊನೆಯ ಮಾತು ಅದು.

ಸಂಜೆಯಾದರೂ ಕಾಕಿ ಬರಲಿಲ್ಲ. ಅತ್ತೆ ಮನೆಮನೆಗೆ ಬಂದು ಕೇಳಿದಳು. ಖಣಿಗೆ ಬಿದ್ದಿರಬೇಕು ಅಂತ ಮೈದುನನೇ ಎಲ್ಲರಿಗಿಂತ ಮೊದಲು ಅಂದ. ಅದನ್ನೂ ಈಗ ನೆನೆಯುತ್ತೇನೆ, ಬೇರೆ ಯಾರ ತಲೆಗೂ ಬರುವ ಮೊದಲೇ ಅಂದದ್ದನ್ನು. ಮರುದಿನ ಗಂಡಸರು ಹಗ್ಗಕ್ಕೆ ಕೊಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರು. ಹಗ್ಗ ಮುಗಿಯಿತು, ತಳ ಸಿಗಲಿಲ್ಲ. ಇನ್ನೊಂದು ಹಗ್ಗ ಗಂಟು ಹಾಕಿದರು. ಕೊಕ್ಕೆಗೆ ಹಳೇ ಟೈರು, ಹರಕು ಚಾಪೆ ಬಂದವು. ಪ್ರತಿ ಸಲ ಹಗ್ಗ ಬಿಗಿಯಾದಾಗ ಇಡೀ ಗಲ್ಲಿ ಅಂಚಿಗೆ ಬಗ್ಗುತ್ತಿತ್ತು. ಎಲ್ಲರೂ ನೀರು ನೋಡುತ್ತಿದ್ದರು. ಅವ್ವ ಒಬ್ಬಳು ನೀರಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹೆದರಿದ್ದಾಳೆ ಅಂದುಕೊಂಡೆ.

ಏನೂ ಸಿಗಲಿಲ್ಲ. ಪೊಲೀಸರು ಬಂದು ಹೋದರು. ಲಾರಿಯಿಂದ ಇಳಿದು ಬಂದ ಗಂಡ ನಮ್ಮ ಹೊಸ್ತಿಲಲ್ಲಿ ಕೂತು, ಅಕಿ ಇಲ್ಲಿ ಬಂದು ಏನು ಹೇಳ್ತಿದ್ದಳು ಅಂತ ಕೇಳಿದ. ಧಾರಾವಾಹಿ ಕಥೆ ಅಂತ ಅವ್ವ ಹೇಳಿ, ಚಹಾ ಕೊಟ್ಟಳು. ವರ್ಷ ತುಂಬುವುದರೊಳಗೆ ಅವರು ಮನೆ ಖಾಲಿ ಮಾಡಿದರು. ಆಯಿಯೂ ಹೋಗಿ ಭಾಳ ದಿನವಾಯಿತು. ಕಾಕಿ ತಾಂಡೂರಿನ ರೈಲು ಹತ್ತಿದಳೋ, ಆ ಹಗ್ಗ ಮುಟ್ಟದಷ್ಟು ಆಳಕ್ಕೆ ಹೋದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಶಹಾಬಾದಿನ ಆ ಗಲ್ಲಿಯ ಪ್ರತಿಯೊಬ್ಬರ ದನಿ ನನ್ನ ಗಂಟಲಲ್ಲಿದೆ, ನಾಯಿಯದೂ ಸೇರಿ. ಕಾಕಿಯದು ಮಾತ್ರ ಎಷ್ಟು ತಡಕಿದರೂ ಸಿಗುತ್ತಿಲ್ಲ. ಕಥೆ ಕೇಳಿದೆ, ಆಕೆಯನ್ನು ಕೇಳಲಿಲ್ಲ...

ನಿನ್ನೆ ಅವ್ವ ಪುಂಡಿಪಲ್ಯ ಸೋಸುತ್ತ ಕೂತಿದ್ದಳು. ಆ ಹಳೇ ಕಂತುಗಳನ್ನು ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಜಾಣತನ ತಲೆಗೇರಿತು. ಕಾಕಿ ನಿಮಗೆಲ್ಲ ತನ್ನ ಮನೆ ಕಥೆಯನ್ನೇ ಧಾರಾವಾಹಿ ಅಂತ ಹೇಳಿದಳು, ನೀವು ನಂಬಿದಿರಿ, ತೆಲುಗು ಬರದವರ ಹಣೆಬರಹವೇ ಇಷ್ಟು ಅಂದೆ. ಅವ್ವ ಮೊಬೈಲ್ ಕಡೆ ತಿರುಗಿಯೂ ನೋಡಲಿಲ್ಲ. ಸೋಸಿದ ಎಲೆಗಳನ್ನು ಬುಟ್ಟಿಗೆ ಹಾಕಿದಳು.

"ನಾ ಕುರಕುಂಟಾದಾಕಿ. ನಮ್ಮೂರಾಗ ಎಮ್ಮಿಗಿ ಸೈತ ತೆಲುಗು ತಿಳೀತದ. ನನಗ ಬರಂಗಿಲ್ಲಂತ ನಿನಗ ಯಾರ್ ಹೇಳ್ಯಾರ?"